ಸ್ಕ್ಯಾನ್ ಇರುವಾಗ ಬಯಾಪ್ಸಿ ಯಾಕೆ?

ಪ್ರಶ್ನೆ: ತಮ್ಮನಿಗೆ 34 ವರ್ಷ. ಫಿಟ್ಸ್ ಬಂತೆಂದು ಎಂಆರ್‌ಐ ಮಾಡಿಸಿದರೆ ಮೆದುಳಿನಲ್ಲಿ ಗಡ್ಡೆ ಇದೆ ಎಂದರು, ಡಾಕ್ಟ್ರೇ. ಸ್ಪೆಕ್ಟ್ರೋಸ್ಕೋಪಿ ರಿಪೋರ್ಟಿನಲ್ಲಿ ‘ಕೋಲಿನ್ ಜಾಸ್ತಿ, ಎನ್‌ಎಎ ಕಡಿಮೆ’ ಎಂದಿದೆ. ಈಗ ಕಂಪ್ಯೂಟರೇ ಗ್ರೇಡ್ ಹೇಳುತ್ತದಂತೆ. ಹಾಗಿದ್ದಮೇಲೆ ಬಯಾಪ್ಸಿ ಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಕು. ಸ್ಪೆಕ್ಟ್ರೋಸ್ಕೋಪಿ ಎಂದರೆ ಗಡ್ಡೆಯೊಳಗಿನ ರಾಸಾಯನಿಕಗಳನ್ನು ಎಂಆರ್‌ಐ ಮೆಷಿನ್ನಿನಲ್ಲೇ ಅಳೆಯುವ ಪರೀಕ್ಷೆ. ಗ್ರೇಡ್ ಎಂದರೆ ಗಡ್ಡೆ ಎಷ್ಟು ಉಗ್ರ ಎಂದು ಹೇಳುವ ಅಂಕಿ; 4 ಎಂದರೆ ಅತಿ ಉಗ್ರ.

ಎನ್‌ಎಎ ಇರುವುದು ಚೆನ್ನಾಗಿರುವ ನರಕೋಶಗಳಲ್ಲಿ. ಅದು ಇಳಿದಿದ್ದರೆ ಆ ಜಾಗದಲ್ಲಿ ನರಕೋಶಗಳು ಸೊರಗಿವೆ ಎಂದರ್ಥ. ಕೋಲಿನ್ ಕೋಶದ ಪೊರೆಗೆ ಸಂಬಂಧಿಸಿದ್ದು; ಕೋಶಗಳು ಬೇಗ ಬೇಗ ಹುಟ್ಟುವ ಕಡೆ ಏರುತ್ತದೆ. ಜೊತೆಗೆ ಲ್ಯಾಕ್ಟೇಟ್, ಕೊಬ್ಬಿನಂಶವೂ ಎದ್ದು ಕಂಡರೆ ಗ್ರೇಡ್ 4 ಇರಬಹುದೆಂಬ ಅನುಮಾನ ಬಲವಾಗುತ್ತದೆ. ಆದರೆ ಕೋಲಿನ್ ಒಂದನ್ನೇ ನಂಬುವ ಹಾಗಿಲ್ಲ. ನಿಧಾನವಾಗಿ ಬೆಳೆಯುವ ಆಲಿಗೋಡೆಂಡ್ರೋಗ್ಲಿಯೋಮಾ ಎಂಬ ಮೆದುಳಿನ ಗಡ್ಡೆಯಲ್ಲೂ ಅದು ಏರಬಹುದು. ಗಡ್ಡೆಯೇ ಅಲ್ಲದ, ನರದ ಹೊದಿಕೆ ಹಾಳಾಗುವ ಕಾಯಿಲೆಯಲ್ಲೂ ಏರುವುದುಂಟು.

ಕಂಪ್ಯೂಟರ್ ಇಂಥ ಹಲವು ರಾಸಾಯನಿಕಗಳನ್ನು ಒಟ್ಟಿಗೆ ತೂಗಿ, ಗ್ರೇಡ್ ಗೊತ್ತಿರುವ ಹಳೆಯ ರೋಗಿಗಳ ಜೊತೆ ಹೋಲಿಸುತ್ತದೆ. ಆ ಹಳೆಯ ಗ್ರೇಡುಗಳು ಬಂದಿದ್ದಾದರೂ ಎಲ್ಲಿಂದ? ಬಯಾಪ್ಸಿಯಿಂದಲೇ ಅಲ್ವಾ! ಅದೂ ಅಲ್ಲದೆ, ಒಂದು ಆಸ್ಪತ್ರೆಯ ಮೆಷಿನ್ನಿನಲ್ಲಿ ಕಲಿತದ್ದು ಇನ್ನೊಂದು ಕಡೆ ಎಡವುವುದು ಮಾಮೂಲಿ.

ನನಗೆ ಹೆಚ್ಚು ಭರವಸೆ ಇರುವುದು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವಿನ ಮೇಲೆ. ಐಡಿಎಚ್ ಜೀನ್ ಕೆಟ್ಟಾಗ ಇದು ಗಡ್ಡೆಯಲ್ಲಿ ರಾಶಿ ಬೀಳುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಆರೋಗ್ಯವಂತ ಮೆದುಳಿನಲ್ಲಿ ಇದು ತೀರಾ ಕಡಿಮೆ. ವಿಶೇಷ ಬಗೆಯ ಸ್ಪೆಕ್ಟ್ರೋಸ್ಕೋಪಿಯಲ್ಲಿ ಸ್ಪಷ್ಟವಾಗಿ ಕಂಡರೆ, ಜೀನ್ ಬದಲಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಆದರೂ ಅದು ಗಡ್ಡೆಯ ಜಾತಿ, ಗ್ರೇಡ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವಿಂಗಡಣೆಯಲ್ಲಿ ಐಡಿಎಚ್ ಬದಲಾದ ಆಸ್ಟ್ರೋಸೈಟೋಮಾ ಎಂಬ ಗಡ್ಡೆ 2, 3, 4 ಯಾವ ಗ್ರೇಡೂ ಆಗಬಹುದು. ಮೈಕ್ರೋಸ್ಕೋಪಿನಲ್ಲಿ ಸಾಧುವಾಗಿ ಕಂಡರೂ ಸಿಡಿಕೆಎನ್2ಎ ಜೀನಿನ ಎರಡೂ ಪ್ರತಿ ಕಳೆದುಹೋಗಿದ್ದರೆ ಅದು ಗ್ರೇಡ್ 4. ಇದನ್ನು ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ತುಣುಕಿನಲ್ಲೇ ನೋಡಬೇಕು.

ಹಾಗಂತ ಸ್ಪೆಕ್ಟ್ರೋಸ್ಕೋಪಿ ಸುಮ್ನೆ ದುಡ್ಡು ದಂಡವಲ್ಲ. ಗಡ್ಡೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕೋಲಿನ್ ಜಾಸ್ತಿ ಇರುವ ಜಾಗದಿಂದ ತುಣುಕು ತೆಗೆದರೆ, ಜೋರಾಗಿ ಬೆಳೆಯುವ ಭಾಗವೇ ಸಿಗುವ ಸಾಧ್ಯತೆ ಹೆಚ್ಚು. ಸ್ಕ್ಯಾನನ್ನು ಹೀಗೆ ಬಳಸುತ್ತೀರಾ ಎಂದು ಸರ್ಜನ್ನರನ್ನು ಕೇಳಿ. ತುಣುಕಿನಲ್ಲಿ ಐಡಿಎಚ್ ಪರೀಕ್ಷೆ ತಪ್ಪದೆ ಮಾಡಿಸಿ. ಆ ಬದಲಾವಣೆ ಇರುವ ಗ್ರೇಡ್ 2 ಗಡ್ಡೆಗೆ ಆಪರೇಷನ್ ನಂತರ ಕೊಡುವ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಈಗಂತೂ ನಿಮ್ಮ ತಮ್ಮ ಫಿಟ್ಸ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು. ಬೈಕ್ ಕೀ ನಿಮ್ಮ ಹತ್ತಿರವೇ ಇರಲಿ.