ತುಪ್ಪಳದ ನಾಯಿ ತರುವ ಮುನ್ನ

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ಆಸೆ: ಮೈತುಂಬ ತುಪ್ಪಳವಿರುವ, ಅಪ್ಪಿಕೊಂಡರೆ ಮುಖ ಹುದುಗಿಹೋಗುವಂಥ ನಾಯಿ ಬೇಕು. ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 26 ವರ್ಷದಿಂದ ಪಶುವೈದ್ಯೆಯಾಗಿದ್ದೇನೆ. ಇವತ್ತಿಗೂ ಬಿಳಿ ಮರಿಯೊಂದನ್ನು ತಂದು ಮೇಜಿನ ಮೇಲೆ ಕೂರಿಸಿದರೆ ನನ್ನ ಕೈ ತಾನಾಗಿ ಅದರ ಕತ್ತಿನ ತುಪ್ಪಳದೊಳಕ್ಕೆ ಹೋಗುತ್ತದೆ. ಒಳಗೆ ಗಟ್ಟಿಯಾಗಿ ಕೂತ ಗಂಟುಗಳು ಕೈಗೆ ಸಿಗುವುದೂ ಆಗಲೇ. ಹಾಗಾಗಿ ಈ ಬಾರಿ ತುಪ್ಪಳದ ನಾಯಿಗಳ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮಗೆ 11 ಮತ್ತು 4 ವರ್ಷದ ಇಬ್ಬರು ಮಕ್ಕಳು. ಮೂರನೇ ಮಹಡಿಯ ಫ್ಲ್ಯಾಟ್, ಮಧ್ಯಾಹ್ನ ಚೆನ್ನಾಗಿ ಕಾಯುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬೆಳಿಗ್ಗೆ ಎಂಟೂವರೆಗೆ ಬೀಗ ಹಾಕಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ, ದೊಡ್ಡವಳು ಶಾಲೆಯಿಂದ ಬಂದಾಗ. ಅವಳಿಗೆ ಸಮೊಯೆಡ್ ಬೇಕಂತೆ, ದಿನಾ ಫೋಟೊ ತೋರಿಸುತ್ತಾಳೆ. ನಮ್ಮ ಯಜಮಾನರು ಪೊಮೆರೇನಿಯನ್ ಸಾಕು ಅನ್ನುತ್ತಾರೆ. ಬಿಶಾನ್ ಫ್ರಿಝೆ ತಗೊಳ್ಳಿ, ಕೂದಲೇ ಉದುರಲ್ಲ ಅಂತ ನಮ್ಮಕ್ಕ. ಬಾಚುವ ಕೆಲಸವೆಲ್ಲ ತನ್ನದು ಎಂದು ಮಗಳು ಮಾತು ಕೊಟ್ಟಿದ್ದಾಳೆ. ಯಾವುದನ್ನು ತರಲಿ?

ಉತ್ತರ: ನಿಮ್ಮ ಕಾಗದದ ಕೊನೆಯ ಸಾಲಿಗೆ ಮೊದಲು ಬರುತ್ತೇನೆ. ಮಗಳ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಈ ನಾಯಿಗಳು 12ರಿಂದ 15 ವರ್ಷ ಬದುಕುತ್ತವೆ. ಈಗ 11 ವರ್ಷದವಳು ಆಗ ಎಲ್ಲಿರುತ್ತಾಳೋ. ಬಾಚಣಿಗೆ ಕೊನೆಗೆ ಬರುವುದು ನಿಮ್ಮ ಕೈಗೆ ಅಥವಾ ನಿಮ್ಮ ಯಜಮಾನರ ಕೈಗೆ. ಆ ಕೈಗೆ ಎಷ್ಟು ಬಿಡುವಿದೆ ಎಂದು ನೋಡಿಕೊಂಡು ತಳಿ ಆರಿಸಿ.

ನೋಡಲು ಎಲ್ಲವೂ ಹತ್ತಿಯ ಉಂಡೆಯಂತಿದ್ದರೂ ತುಪ್ಪಳದಲ್ಲಿ ಮುಖ್ಯವಾಗಿ ಎರಡು ಜಾತಿ. ಸಮೊಯೆಡ್, ಪೊಮೆರೇನಿಯನ್, ಚೌ ಚೌ ಇವಕ್ಕೆ ಎರಡು ಪದರ: ಮೇಲೆ ಉದ್ದನೆಯ ಒರಟು ಕೂದಲು, ಕೆಳಗೆ ಒತ್ತಾದ ಮೆತ್ತನೆಯ ಒಳತುಪ್ಪಳ. ಇದು ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತದೆ. ವರ್ಷಕ್ಕೆ ಒಂದೆರಡು ಸಲ ಒಳತುಪ್ಪಳವೆಲ್ಲ ಕಂತೆ ಕಂತೆಯಾಗಿ ಕಿತ್ತುಬರುತ್ತದೆ. ಬಿಶಾನ್, ಪೂಡಲ್, ಶಿ ತ್ಸು, ಲಾಸಾ ಆಪ್ಸೊ ಇವುಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಉದುರುವುದು ಕಡಿಮೆ, ಉದುರಿದ್ದೂ ನೆಲಕ್ಕೆ ಬೀಳದೆ ಉಳಿದ ಕೂದಲಲ್ಲೇ ಸಿಕ್ಕಿಕೊಂಡು ಗಂಟಾಗುತ್ತದೆ. ಹಾಗಾಗಿ ನಿಮ್ಮಕ್ಕ ಹೇಳಿದ್ದರಲ್ಲಿ ನಿಜವಿದೆ, ಆದರೆ ಅರ್ಧ ನಿಜ. ಮೊದಲ ಜಾತಿಯ ನಾಯಿ ತಂದರೆ ಪೊರಕೆ ಹಿಡಿಯುತ್ತೀರಿ. ಎರಡನೆಯದು ತಂದರೆ ದಿನಾ ಬಾಚಣಿಗೆ ಹಿಡಿದು, ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿ ಹಾಕಿಸುತ್ತೀರಿ.

ಈಗ ಸಮೊಯೆಡ್. ಸೈಬೀರಿಯದ ಉತ್ತರದಲ್ಲಿ ಹಿಮಸಾರಂಗ ಮೇಯಿಸುತ್ತಿದ್ದ ನೆನೆಟ್ಸ್ ಮುಂತಾದ ಅಲೆಮಾರಿ ಜನ ಬೆಳೆಸಿದ ನಾಯಿ ಅದು. ಹಗಲೆಲ್ಲ ಹಿಂಡು ಕಾಯ್ದು, ಗಾಡಿ ಎಳೆದು, ರಾತ್ರಿ ಗುಡಾರದೊಳಗೆ ಜನರ ಮಗ್ಗುಲಲ್ಲಿ ಮಲಗುತ್ತಿತ್ತು. ನಿಮ್ಮ ಮಗಳು ಮನಸೋತಿರುವ ತುಪ್ಪಳ ಆ ಚಳಿಗೆಂದು ಬಂದದ್ದು, ಜನರನ್ನು ಬಿಟ್ಟಿರಲಾರದ ಆ ಸ್ವಭಾವ ಜನರ ಜೊತೆಯೇ ಬದುಕಿ ಬಂದದ್ದು. ಇಂಥ ನಾಯಿಯನ್ನು ಏಳೂವರೆ ಗಂಟೆ ಬೀಗದೊಳಗೆ ಬಿಟ್ಟರೆ ಅದು ಬೊಗಳುತ್ತದೆ, ಸೋಫಾ ಕೀಳುತ್ತದೆ, ಬಾಗಿಲು ಕೆರೆಯುತ್ತದೆ. ಅದರದ್ದೇನೂ ತಪ್ಪಿಲ್ಲ. ಬೆಳೆದ ಗಂಡು 30 ಕೆ.ಜಿ.ವರೆಗೆ ತೂಗುತ್ತದೆ, ಎಳೆಯುವುದು ಅದಕ್ಕೆ ರಕ್ತದಲ್ಲೇ ಬಂದ ಕೆಲಸ. ಸರಪಳಿಯ ಇನ್ನೊಂದು ತುದಿಯಲ್ಲಿ 11 ವರ್ಷದ ಹುಡುಗಿಯನ್ನು ನೆನೆಸಿಕೊಳ್ಳಿ. ಬಿಸಿಲಿಗೆ ಕಾಯುವ ಮನೆಗಂತೂ ಬೇಡವೇ ಬೇಡ.

ಪೊಮೆರೇನಿಯನ್ ಕೂಡ ಸಮೊಯೆಡ್‌ನಂತೆ ಚೂಪು ಮೂತಿ, ನಿಗುರಿದ ಕಿವಿ, ಬೆನ್ನ ಮೇಲೆ ಸುತ್ತಿದ ಬಾಲದ ಸ್ಪಿಟ್ಜ್ ಬಳಗದ್ದೇ. ಬಾಲ್ಟಿಕ್ ಕಡಲ ತಡಿಯ ಪೊಮೆರೇನಿಯ ಎಂಬ ಸೀಮೆಯ ಹೆಸರು ಅದಕ್ಕೆ ಬಂದಿದೆ. ಮೊದಲು ಇಷ್ಟು ಪುಟ್ಟದಾಗಿರಲಿಲ್ಲ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋಗಿದ್ದಾಗ ಇಷ್ಟಪಟ್ಟು ತಂದ ಮಾರ್ಕೊ ಎಂಬ ನಾಯಿ ಈಗಿನವಕ್ಕಿಂತ ದೊಡ್ಡದು, ಆ ಕಾಲದವಕ್ಕಿಂತ ಚಿಕ್ಕದು. ಆಮೇಲೆ ಚಿಕ್ಕ ಪೊಮೆರೇನಿಯನ್‌ಗಳ ಹುಚ್ಚು ಹತ್ತಿ, ಈಗ ಎರಡು ಮೂರು ಕೆ.ಜಿ.ಗೆ ಇಳಿದಿದೆ. ದೇಹ ಇಳಿದಷ್ಟು ಅದರ ಧೈರ್ಯ ಇಳಿದಿಲ್ಲ; ಸೋಫಾದಿಂದ ಧುಮುಕಿ ಮುಂಗಾಲು ಮುರಿದುಕೊಂಡ ಪೊಮೆರೇನಿಯನ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ಮೊಣಕಾಲ ಚಿಪ್ಪು ಜಾರುವುದು, ಶ್ವಾಸನಾಳ ಮೆತ್ತಗಾಗಿ ಬಾತುಕೋಳಿಯಂತೆ ಕೆಮ್ಮುವುದು ಈ ತಳಿಯಲ್ಲಿ ಸಾಮಾನ್ಯ. ಕತ್ತಿಗೆ ಪಟ್ಟಿ ಕಟ್ಟಿ ಎಳೆಯಬಾರದು, ಎದೆಗೆ ಹಾಕುವ ಹಾರ್ನೆಸ್ ಬೇಕು. ನಾಲ್ಕು ವರ್ಷದ ಮಗು ಪ್ರೀತಿಯಿಂದಲೇ ಎತ್ತಿ, ಪ್ರೀತಿಯಿಂದಲೇ ಕೈಬಿಡುತ್ತದೆ. ಚಿಕ್ಕವನಿಗೆ ಏಳೆಂಟು ವರ್ಷವಾಗುವವರೆಗೆ ಇದನ್ನು ಮರೆಯಿರಿ.

ಬಿಶಾನ್ ಸ್ವಭಾವ ಬಹಳ ಒಳ್ಳೆಯದು, ಆದರೆ ಒಂಟಿತನ ತಡೆಯದು. ನೀವೇ ಆರಿಸಿಕೊಡಿ ಅಂದರೆ ನಾನು ಮಿನಿಯೇಚರ್ ಪೂಡಲ್ ಕಡೆ ವಾಲುತ್ತೇನೆ. ಪ್ರದರ್ಶನಗಳ ಚೆಂಡು ಚೆಂಡು ಕಟಿಂಗ್ ನೋಡಿ ಜನ ಅದನ್ನು ಅಲಂಕಾರದ ನಾಯಿ ಅಂದುಕೊಂಡಿದ್ದಾರೆ. ಮೂಲದಲ್ಲಿ ಅದು ನೀರಿಗಿಳಿದು ಬೇಟೆಯ ಹಕ್ಕಿ ತರುತ್ತಿದ್ದ ಗಟ್ಟಿ ನಾಯಿ. ಬಹಳ ಬೇಗ ಕಲಿಯುತ್ತದೆ. ಎರಡು ಸೆಂಟಿಮೀಟರ್ ಬಿಟ್ಟು ಮೈಯೆಲ್ಲ ಒಂದೇ ಸಮ ಕತ್ತರಿಸಿದರೆ ಕುರಿಮರಿಯಂತೆ ಮುದ್ದಾಗಿರುತ್ತದೆ, ಬಾಚಲು ಹತ್ತು ನಿಮಿಷ ಸಾಕು.

ಆದರೆ ಯಾವ ತಳಿಯಾದರೂ ಎಂಟು ವಾರದ ಮರಿ ಮಾತ್ರ ಬೇಡ. ಅದಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಉಚ್ಚೆ ತಡೆದುಕೊಳ್ಳಲು ಆಗುವುದಿಲ್ಲ, ನಿಮ್ಮ ಮನೆಗೆ ಏಳೂವರೆ ಗಂಟೆ ಬೀಗ. ಸಾಕಿದವರು ಬಿಟ್ಟುಕೊಟ್ಟ ಮೂರು ನಾಲ್ಕು ವರ್ಷದ ನಾಯಿಗಳು ಆಶ್ರಯಧಾಮಗಳಲ್ಲಿ ಸಿಗುತ್ತವೆ. ಅವುಗಳ ಗುಣ, ತೂಕ, ತುಪ್ಪಳ ಎಲ್ಲವೂ ಕಣ್ಣೆದುರೇ ಇರುತ್ತದೆ. ಅಂಥದ್ದಾದರೂ ನಡುವೆ ಒಮ್ಮೆ ಯಾರಾದರೂ ಬಂದು ಹೊರಗೆ ಕರೆದೊಯ್ಯುವ ಏರ್ಪಾಡು ಆಗಬೇಕು. ಅದಕ್ಕೂ ಮೊದಲು ಪರಿಚಯದವರ ತುಪ್ಪಳದ ನಾಯಿ ಇದ್ದರೆ ಎರಡು ವಾರ ದಿನಾ ಮಗಳನ್ನು ಕರೆದುಕೊಂಡು ಹೋಗಿ 20 ನಿಮಿಷ ಬಾಚಿಸಿ. ಹನ್ನೊಂದನೇ ದಿನ ಹೋಗುವಾಗಲೂ ಅವಳೇ ಮೊದಲು ಚಪ್ಪಲಿ ಮೆಟ್ಟಿದರೆ ನನಗೆ ಧೈರ್ಯ ಬರುತ್ತದೆ.

ಪ್ರಶ್ನೆ: ನನ್ನ ಮಗನಿಗೆ ನಾಯಿ ಹತ್ತಿರ ಬಂದರೆ ಸೀನು, ಕಣ್ಣು ತುರಿಕೆ. ಲ್ಯಾಬ್ರಡೂಡಲ್ ಎಂಬ ಬೆರಕೆ ನಾಯಿ ತಂದರೆ ಅಲರ್ಜಿ ಆಗುವುದೇ ಇಲ್ಲ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಆಗುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುವ ಪ್ರೋಟೀನುಗಳು. ಅವು ಎಲ್ಲ ತಳಿಯಲ್ಲೂ ಇವೆ.

ಲ್ಯಾಬ್ರಡೂಡಲ್ ಹುಟ್ಟಿದ ಕತೆಯಲ್ಲೇ ನಿಮಗೆ ಉತ್ತರ ಸಿಗುತ್ತದೆ. ಆಸ್ಟ್ರೇಲಿಯದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ 1980ರ ದಶಕದ ಕೊನೆಯಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ನಾಯಿ ಬೇಕಿತ್ತು, ಅವರ ಗಂಡನಿಗೆ ಅಲರ್ಜಿ. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲು ಕಳಿಸಿ ನೋಡಿದರೆ ಆ ಗಂಡನಿಗೆ ಒಗ್ಗಿದ್ದು ಒಂದೇ ಮರಿ. ಒಂದೇ ತಾಯಿಯ ಮರಿಗಳಲ್ಲೇ ಇಷ್ಟು ವ್ಯತ್ಯಾಸ! ಮುಂದೆ ಬೆರಕೆ ನಾಯಿಗಳ ಹುಚ್ಚು ವ್ಯಾಪಾರ ಕಂಡು ಕಾನ್ರನ್ ತಾನು ಮಾಡಿದ್ದಕ್ಕೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು.

ಆದ್ದರಿಂದ ಮೊದಲು ಮಗನ ವೈದ್ಯರನ್ನು ಕಂಡು ಪರೀಕ್ಷೆ ಮಾಡಿಸಿ. ಕೆಲವರಿಗೆ ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪ್ರೋಟೀನಿಗೆ ಮಾತ್ರ ಅಲರ್ಜಿ ಇರುತ್ತದೆ. ಅಂಥವರಿಗೆ ಹೆಣ್ಣು ನಾಯಿ ಒಗ್ಗುವುದುಂಟು. ಆಮೇಲೆ ತರಬೇಕೆಂದಿರುವ ಅದೇ ನಾಯಿಯ ಜೊತೆ, ವೈದ್ಯರು ಒಪ್ಪಿದರೆ, ಮುಚ್ಚಿದ ಕೋಣೆಯಲ್ಲಿ ಬೇರೆ ಬೇರೆ ದಿನ ಒಂದೆರಡು ತಾಸು ಕೂರಿಸಿ ನೋಡಿ. ಮಗನಿಗೆ ಉಬ್ಬಸವೂ ಇದ್ದರೆ ವೈದ್ಯರ ಮಾತೇ ಕೊನೆಯದಾಗಲಿ. ಮನೆಗೆ ತಂದು, ಮಗು ಹಚ್ಚಿಕೊಂಡ ಮೇಲೆ ವಾಪಸ್ ಕಳಿಸುವ ದುಃಖ ನಾಯಿಗೂ ಮಗುವಿಗೂ ಸಮನಾಗಿ ಆಗುತ್ತದೆ.

ಪ್ರಶ್ನೆ: ನಮ್ಮ ಚೌ ಚೌ ಬೇಸಿಗೆಯಲ್ಲಿ ತೇಕಿ ತೇಕಿ ಸುಸ್ತಾಗುತ್ತದೆ. ಮೈ ಬೋಳಿಸಿಬಿಟ್ಟರೆ ತಂಪಾಗುವುದಿಲ್ಲವೇ?

ಉತ್ತರ: ದಯವಿಟ್ಟು ಬೋಳಿಸಬೇಡಿ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ನೀವು ಹೇಳಿದಂತೆಯೇ ಹೇಳಿಕೊಂಡು ಬಂದ ಒಬ್ಬರ ಕಪ್ಪು ಪೊಮೆರೇನಿಯನ್‌ಗೆ ನಾನೇ ಮಷೀನು ಹಿಡಿದು ಬೋಳಿಸಿದೆ. ಆರು ತಿಂಗಳಾದರೂ ಬೆನ್ನ ಮೇಲೆ ಕೂದಲು ಹುಟ್ಟಲಿಲ್ಲ. ಒಂದೂವರೆ ವರ್ಷದ ಮೇಲೆ ಬಂತು, ಅದೂ ತೇಪೆ ತೇಪೆಯಾಗಿ. ಆ ನಾಯಿ ಪ್ರತಿ ಸಲ ಲಸಿಕೆಗೆ ಬಂದಾಗಲೂ ನನಗೆ ಸಂಕಟವಾಗುತ್ತಿತ್ತು. ಎರಡು ಪದರದ ತುಪ್ಪಳದವಕ್ಕೆ ಹೀಗಾಗುವುದುಂಟು.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ. ಶಾಖ ಕಳೆಯಲು ಅದಕ್ಕಿರುವ ಮುಖ್ಯ ದಾರಿ ತೇಕುವುದು. ಮೇಲಿನ ಕೂದಲು ಬಿಸಿಲನ್ನು ಚರ್ಮಕ್ಕೆ ತಾಗಗೊಡುವುದಿಲ್ಲ. ತೊಂದರೆ ಕೊಡುವುದು ಸತ್ತು ಒಳಗೇ ಉಳಿದ ಒಳತುಪ್ಪಳ. ಅದನ್ನು ಅಂಡರ್‌ಕೋಟ್ ರೇಕ್ ಎಂಬ ಉದ್ದ ಹಲ್ಲಿನ ಬಾಚಣಿಗೆಯಿಂದ, ಚರ್ಮ ಕಾಣುವಂತೆ ಕೂದಲು ಬಗೆದು ಸಾಲು ಸಾಲಾಗಿ ಎಳೆದು ತೆಗೆಯಿರಿ. ನಡಿಗೆ ಸೂರ್ಯ ಏರುವ ಮುಂಚೆ ಅಥವಾ ನೆಲ ಆರಿದ ಮೇಲೆ. ಚೌ ಚೌಗೆ ಮೂತಿಯೂ ಮೊಂಡ, ಹಾಗಾಗಿ ತೇಕಿ ತಂಪಾಗುವ ಶಕ್ತಿ ಇನ್ನೂ ಕಡಿಮೆ.

ನಾಯಿಯ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಜೀವಕ್ಕೇ ಅಪಾಯ. ಜೊಲ್ಲು ಗಟ್ಟಿಯಾಗಿ, ವಸಡು ಕಡುಗೆಂಪಾಗಿ, ನಡೆ ತೂರಾಡಿದರೆ ಮೊದಲು ನೀರು ಸುರಿಯಿರಿ, ತುಪ್ಪಳದ ಮೇಲಷ್ಟೇ ಹರಿಯದೆ ಚರ್ಮಕ್ಕೆ ಇಳಿಯುವಂತೆ, ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಪ್ರಶ್ನೆ: ಐದು ವಾರದ ‘ಟೀಕಪ್ ಪೊಮೆರೇನಿಯನ್’ ಮರಿ ಕೊಡುತ್ತೇವೆ, ತಾಯಿ ಬೇರೆ ಕಡೆ ಇದೆ ಎನ್ನುತ್ತಾರೆ. ತರಬಹುದೇ?

ಉತ್ತರ: ಬೇಡ. ಟೀಕಪ್ ಎಂಬ ತಳಿಯೇ ಇಲ್ಲ; ಬೆಳೆಯದ ಮರಿಗೆ ಇಟ್ಟ ಮಾರಾಟದ ಹೆಸರು. ಅಷ್ಟು ಪುಟ್ಟ ಮರಿಗೆ ಒಂದು ಹೊತ್ತು ಹಾಲೋ ಊಟವೋ ತಪ್ಪಿದರೆ ರಕ್ತದ ಸಕ್ಕರೆ ಕುಸಿದು ಫಿಟ್ಸ್ ಬರಬಹುದು. ಎಂಟು ವಾರದವರೆಗಾದರೂ ಮರಿ ತಾಯಿ, ಒಡಹುಟ್ಟಿದವರ ಜೊತೆ ಇರಬೇಕು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಅಲ್ಲೇ. ತಾಯಿಯನ್ನು ತೋರಿಸದವರಿಂದ ಯಾವ ಮರಿಯನ್ನೂ ತರಬೇಡಿ. ಇನ್ನೊಂದು ಮಾತು: ಮರಿಯ ತುಪ್ಪಳ ನೋಡಿ ಬೆಳೆದ ನಾಯಿಯನ್ನು ಊಹಿಸಲಾಗದು. ಪೊಮೆರೇನಿಯನ್ ಮರಿ ನಾಲ್ಕರಿಂದ ಆರು ತಿಂಗಳಲ್ಲಿ ಮರಿಗೂದಲು ಉದುರಿಸಿ ಸೊರಗಿದಂತೆ ಕಾಣುತ್ತದೆ, ಆಮೇಲೆ ನಿಜವಾದ ತುಪ್ಪಳ ಬರುತ್ತದೆ. ಆ ನಡುವಿನ ತಿಂಗಳುಗಳಲ್ಲಿ ರೋಗವೆಂದು ತಿಳಿದು ಮರಿಯನ್ನು ಬಿಟ್ಟುಬಂದವರೂ ಇದ್ದಾರೆ.

ಪ್ರಶ್ನೆ: ಡಾಕ್ಟರ್ ಆಂಟಿ, ನಾನು ಏಳನೇ ಕ್ಲಾಸು. ನಮ್ಮನೇಲಿ ಲಾಸಾ ಆಪ್ಸೊ ಇದೆ. ನಾನು ದಿನಾ ಬಾಚ್ತೀನಿ, ಆದ್ರೂ ಕಿವಿ ಹಿಂದೆ ಗಂಟು ಆಗಿದೆ. ಈಗ ಬಾಚಣಿಗೆ ಕಂಡ್ರೆ ಮಂಚದ ಕೆಳಗೆ ಓಡಿಹೋಗತ್ತೆ. ಅದಕ್ಕೆ ನಾನು ಇಷ್ಟ ಇಲ್ವಾ?

ಉತ್ತರ: ಇಷ್ಟ ಇದೆ ಪುಟ್ಟಾ. ಅದಕ್ಕೆ ಬಾಚಣಿಗೆ ಕಂಡರೆ ಭಯ, ಅಷ್ಟೇ. ನೀನು ಬ್ರಷ್ಷನ್ನು ಮೇಲೆ ಮೇಲೆ ಎಳೆಯುತ್ತಿದ್ದೀಯ ಅನ್ನಿಸುತ್ತದೆ. ಮೇಲೆ ನಯವಾಗಿ ಕಾಣುತ್ತದೆ, ಬುಡದಲ್ಲಿ ಗಂಟು ಬೆಳೆಯುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಹೆಚ್ಚು. ಅಲ್ಲೇ ರಕ್ತ ಹೀರುವ ಉಣ್ಣಿಗಳೂ ಅಡಗಿ ಕೂರುತ್ತವೆ, ಬೆರಳಿಂದ ಮುಟ್ಟಿ ನೋಡುತ್ತಿರು.

ಈಗ ಇರುವ ಗಂಟಿಗೆ ನೀನು ಕತ್ತರಿ ಹಾಕಬೇಡ. ಗಂಟಿನ ಜೊತೆ ಚರ್ಮವೂ ಮೇಲೆದ್ದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕತ್ತರಿಸಿಹೋಗುತ್ತದೆ. ಸ್ನಾನವನ್ನೂ ಮಾಡಿಸಬೇಡ, ನೀರು ಬಿದ್ದರೆ ಗಂಟು ಇನ್ನೂ ಬಿಗಿಯುತ್ತದೆ. ಅಪ್ಪನಿಗೋ ಅಮ್ಮನಿಗೋ ಹೇಳಿ ಗ್ರೂಮಿಂಗ್ ಗೊತ್ತಿರುವವರ ಹತ್ತಿರ ತೆಗೆಸು, ಕೂದಲನ್ನೂ ಗಿಡ್ಡ ಮಾಡಿಸು.

ಆಮೇಲೆ ಮೊದಲಿಂದ ಶುರು ಮಾಡು. ಮೊದಲ ವಾರ ಬಾಚಲೇಬೇಡ. ಬಾಚಣಿಗೆ ನೆಲದ ಮೇಲಿಟ್ಟು ಅದರ ಪಕ್ಕದಲ್ಲಿ ಅದಕ್ಕಿಷ್ಟವಾದ ತಿಂಡಿಯ ಒಂದು ಚೂರು ಇಡು, ನೀನು ಸುಮ್ಮನೆ ಕೂತಿರು. ಎರಡನೇ ವಾರ ಬಾಚಣಿಗೆಯ ಬೆನ್ನಿಂದ ಭುಜ ಸವರು, ಹಲ್ಲು ತಾಗಿಸಬೇಡ. ಮೂರನೇ ವಾರ ಎರಡೇ ಎರಡು ಎಳೆತ. ಎಳೆಯುವಾಗ ಕೂದಲಿನ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೋ, ಆಗ ಚರ್ಮ ಜಗ್ಗುವುದಿಲ್ಲ. ಅದು ಎದ್ದು ಹೋದರೆ ಹೋಗಲಿ, ಹಿಂದೆ ಹೋಗಬೇಡ. ಕಿವಿಯ ಹಿಂದೆ ಮುಟ್ಟಗೊಡುವುದು ಎಲ್ಲಕ್ಕಿಂತ ಕೊನೆಗೆ. ಮುಟ್ಟಗೊಟ್ಟ ದಿನ ನನಗೊಂದು ಕಾಗದ ಬರಿ.