ಜೂನ್‌ನಲ್ಲಿ ಶಾಲೆಗೆ ಹೋಗುವ ಮಗುವಿಗೆ ಮನೆಯಲ್ಲಿ ಏನು ಕಲಿಸಬೇಕು?

ಹುಬ್ಬಳ್ಳಿಯಲ್ಲಿ ಎಲ್‌ಕೆಜಿ ಸೇರುವ ಮಗಳಿಗೆ ಈಗಲೇ ಅ ಆ ಇ ಈ ಕಲಿಸಬೇಕಾ ಎಂದು ಕೇಳಿದ್ದೀರಿ. ಅದನ್ನು ಟೀಚರ್ ಕಲಿಸುತ್ತಾರೆ. ನೀವು ಡಬ್ಬಿ ತೆಗೆಯುವುದನ್ನು ಕಲಿಸಿ. ಮುಚ್ಚಳ ಬಿಗಿಯಾಗಿದ್ದರೆ ಮಗು ಸುಮ್ನೆ ಹಸಿದುಕೊಂಡು ಕೂರುತ್ತದೆ. ಶಾಲೆಗೆ ಒಯ್ಯುವ ಡಬ್ಬಿಯಲ್ಲೇ ಚಪಾತಿ ಪಲ್ಯ ಹಾಕಿ, ದಿನಾ ಒಂದು ಹೊತ್ತು ತಾನೇ ತಿನ್ನಲಿ. ಚೆಲ್ಲಿದರೆ ಒರೆಸುವ ಅರಿವೆಯನ್ನೂ ಅವಳ ಕೈಗೇ ಕೊಡಿ. ಅಜ್ಜಿಗೆ ತುತ್ತು ಮಾಡಿ ತಿನ್ನಿಸುವ ಆಸೆ ಇರುತ್ತದೆ, ಅಲ್ವಾ? ರಾತ್ರಿ ಊಟ ಅವರಿಗೇ ಬಿಡಿ.

ಎಲಾಸ್ಟಿಕ್ ಚಡ್ಡಿ ಹಾಕಿ, ಇಳಿಸಿ ಏರಿಸಿಕೊಳ್ಳುವುದು ಬರಲಿ. ‘ಟೀಚರ್, ಒಂದಕ್ಕೆ ಹೋಗಬೇಕು’ ಎಂದು ಗಟ್ಟಿಯಾಗಿ ಹೇಳುವುದನ್ನೂ ರೂಢಿ ಮಾಡಿಸಿ.

ಅಂಗನವಾಡಿಗೆ 3 ವರ್ಷ ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಹತ್ತಿರದಲ್ಲಿದ್ದರೆ ಕಳಿಸಿ, ನಿಮ್ಮನ್ನು ಬಿಟ್ಟಿರುವುದು ಅಲ್ಲೇ ಅಭ್ಯಾಸವಾಗುತ್ತದೆ.