‘ಇಂಟ್ರಿಕೆಟ್’ ಅಂದರೆ ಬರೀ ಗೋಜಲಲ್ಲ

ಚಿತ್ರದುರ್ಗ

ನಮಸ್ಕಾರ,

ಮೊಳಕಾಲ್ಮೂರು ಸೀರೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಕೊಡಲು ಆಗುವುದಿಲ್ಲ. ಅಡ್ಡ ಬಂದಿರುವುದು ಒಂದೇ ಪದ. ನಾಲ್ಕು ಪುಟದಲ್ಲಿ ‘ಇಂಟ್ರಿಕೇಟ್’ (intricate) ಅನ್ನುವ ಇಂಗ್ಲಿಷ್ ಪದ ಏಳು ಸಲ ಬಂದಿದೆ. ಸೀರೆಯ ಅಂಚೂ ಇಂಟ್ರಿಕೇಟ್, ನಮ್ಮ ಕೋಟೆಯೂ ಇಂಟ್ರಿಕೇಟ್, ನೇಕಾರರ ಮನೆಯ ಜಮೀನಿನ ತಕರಾರೂ ಇಂಟ್ರಿಕೇಟ್.

ಈ ಪದ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ. ಅಲ್ಲಿ ‘ಸಿಕ್ಕು ಹಾಕು’ ಅನ್ನುವ ಅರ್ಥ ಇತ್ತು. ಆದರೆ ಈಗ ಇಂಗ್ಲಿಷಿನವರು ಇದನ್ನು ಹೆಚ್ಚಾಗಿ ಬಳಸುವುದು ಸಣ್ಣ ಸಣ್ಣ ಭಾಗಗಳು ಒಂದಕ್ಕೊಂದು ನವಿರಾಗಿ ಹೆಣೆದುಕೊಂಡಿರುವ ಕಡೆ. ಕೈಗಡಿಯಾರದ ಒಳಗಿನ ಚಕ್ರಗಳು, ಕಸೂತಿ, ಕಲ್ಲಿನ ಕುಸುರಿ, ಒಳ್ಳೆಯ ಕಾದಂಬರಿಯ ಕಥೆ ಹೆಣಿಗೆ. ಅದರಲ್ಲಿ ಮೆಚ್ಚುಗೆ ಬೆರೆತಿರುತ್ತದೆ. (ಅಂದ ಹಾಗೆ, ಕೊನೆಯನ್ನು ‘ಕೇಟ್’ ಅಂತ ಎಳೆಯಬೇಡಿ. ಒತ್ತು ಮೊದಲ ಅಕ್ಷರಕ್ಕೆ. ಕೊನೆ ಸುಮ್ನೆ ‘ಕೆಟ್’ ಅಂತ ಮುಗಿಯುತ್ತದೆ.)

ಒಮ್ಮೆ ನಾನು ಮೊಳಕಾಲ್ಮೂರಿನಲ್ಲಿ ಒಂದು ಮಗ್ಗದ ಪಕ್ಕ ಕೂತಿದ್ದೆ. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳಲ್ಲಿ, ಒಂದು ಎಳೆ ಹರಿಯಿತು. ನನ್ನ ಕಣ್ಣಿಗೆ ಕಾಣಲೇ ಇಲ್ಲ. ನೇಯುತ್ತಿದ್ದವರು ಲಾಳಿ ನಿಲ್ಲಿಸಿದರು, ಬೆರಳ ತುದಿಯಲ್ಲೇ ಸವರಿ ಹರಿದ ಎಳೆ ಹುಡುಕಿದರು, ಗಂಟು ಹಾಕಿ ಮತ್ತೆ ಶುರು ಮಾಡಿದರು. ಅಷ್ಟು ಎಳೆಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಜಾಗ ಇದೆ. ಒಂದು ತಪ್ಪಿದರೂ ಅಂಚಿನ ಹೂವು ಕೆಡುತ್ತದೆ. ಇಂಟ್ರಿಕೆಟ್ ಅಂದರೆ ಇದು. ಅದೇ ರೇಷ್ಮೆ ನೆಲಕ್ಕೆ ಬಿದ್ದು ಉಂಡೆಯಾದರೆ ಅದು ಬರೀ ಸಿಕ್ಕು. ಎಳೆಗಳು ಅವೇ, ಆದರೆ ಒಂದು ಕಡೆ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ, ಇನ್ನೊಂದು ಕಡೆ ಒಂದಕ್ಕೊಂದು ಅಡ್ಡ ಬರುತ್ತವೆ.

ಜಮೀನಿನ ತಕರಾರು ಈ ಎರಡನೆಯ ಜಾತಿಯದು. ಅದಕ್ಕೆ ‘ಕಗ್ಗಂಟು’ ಅನ್ನಿ, ‘ತೊಡಕು’ ಅನ್ನಿ. ಇಂಗ್ಲಿಷೇ ಬೇಕೆಂದರೆ ‘ಕಾಂಪ್ಲಿಕೇಟೆಡ್’ ಇದೆ. ಮೂರನೇ ಪುಟದಲ್ಲಿ ಹನ್ನೊಂದು ಸಾಲಿಗೆ ಒಂದೇ ವಾಕ್ಯ ಬರೆದಿದ್ದೀರಿ. ಅಂಥದ್ದಕ್ಕೆ ಅವರು ‘ಕನ್‌ವಲ್ಯೂಟೆಡ್’ ಅನ್ನುತ್ತಾರೆ, ಸುತ್ತಿ ಸುತ್ತಿ ಬಳಸಿದ್ದು ಅಂತ. ಅದನ್ನು ದಯವಿಟ್ಟು ಒಡೆಯಿರಿ.

ಕೋಟೆಯ ವಿಷಯಕ್ಕೆ ಬಂದರೆ ನಿಮ್ಮ ಪದ ಸರಿಯೇ, ಆದರೆ ಯಾಕೆ ಸರಿ ಅಂತ ನೀವು ತೋರಿಸಿಲ್ಲ. ಏಳು ಸುತ್ತಿನ ಕೋಟೆ ಅಂದುಬಿಟ್ಟು ಮುಂದೆ ಹೋಗಿದ್ದೀರಿ. ಬಾಗಿಲಿಂದ ಬಾಗಿಲಿಗೆ ದಾರಿ ಯಾಕೆ ನೆಟ್ಟಗಿಲ್ಲ? ಶತ್ರುವಿನ ಆನೆಗೆ ಓಡಿ ಬಂದು ಬಾಗಿಲು ಗುದ್ದುವಷ್ಟು ಜಾಗ ಸಿಗಬಾರದು ಅಂತ. ಇಷ್ಟು ಬರೆದರೆ ಆ ಪದವೇ ಬೇಕಾಗುವುದಿಲ್ಲ, ಅಲ್ವಾ?

ಏಳು ‘ಇಂಟ್ರಿಕೆಟ್’ಗಳಲ್ಲಿ ಒಂದನ್ನು ಮಾತ್ರ ಉಳಿಸಿ, ಅದೂ ಅಂಚಿನ ವರ್ಣನೆಯಲ್ಲಿ. ಜಮೀನಿನ ಭಾಗ ಪೂರ್ತಿ ತೆಗೆಯಿರಿ. ‘ಅಜ್ಜಿ ಕಣ್ಣು ಮುಚ್ಚಿಕೊಂಡೇ ಅಂಚು ಮುಟ್ಟಿ, ಇದು ನಮ್ಮ ಮಗ್ಗದ್ದಲ್ಲ ಅಂದಳು’ ಅಂತ ಒಂದು ಸಾಲು ಇದೆಯಲ್ಲ, ಅದನ್ನು ಮಾತ್ರ ಮುಟ್ಟಬೇಡಿ. ಲೇಖನ ಅಲ್ಲಿಂದಲೇ ಶುರುವಾಗಲಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ